ಮೂರರಲ್ಲಿ ಒಂದು ಎಂದ ಹುಡುಗ ಮತ್ತು ನಾಲ್ಕು ಹುಣಸೆಬೀಜ

ಎರಡು ನಾಣ್ಯ ಒಟ್ಟಿಗೆ ಚಿಮ್ಮಿದರೆ ಎರಡೂ ಹೆಡ್ ಬೀಳುವ ಸಂಭವನೀಯತೆ ಎಷ್ಟು? ಹತ್ತನೇ ತರಗತಿ ದಾಟಿದವರು ಇದನ್ನು ಒಂದಲ್ಲ ಒಂದು ಸಲ ಬಿಡಿಸಿರುತ್ತಾರೆ. ಆರೇಳು ವರ್ಷದ ಹಿಂದೆ ನಾನು ಮನೆಯಲ್ಲಿ ಗಣಿತದ ಟ್ಯೂಷನ್ ಹೇಳುತ್ತಿದ್ದಾಗ ಒಬ್ಬ ಹುಡುಗ ಇದಕ್ಕೆ ಮೂರರಲ್ಲಿ ಒಂದು ಎಂದು ಬರೆದ. ನಾನು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದೆ. ಅವನು ನೋಟ್‌ಬುಕ್ ಹಿಡಿದುಕೊಂಡು ಎದ್ದು ಬಂದ. "ಮಿಸ್, ಎರಡೂ ಹೆಡ್ ಬೀಳುತ್ತೆ, ಎರಡೂ ಟೇಲ್ ಬೀಳುತ್ತೆ, ಇಲ್ಲಾಂದ್ರೆ ಒಂದೊಂದು ಬೀಳುತ್ತೆ. ಮೂರೇ ತಾನೇ ಆಗೋದು?" ನಾನು ಬೋರ್ಡಿನ ಮೇಲೆ ಹೆಡ್-ಹೆಡ್, ಹೆಡ್-ಟೇಲ್, ಟೇಲ್-ಹೆಡ್, ಟೇಲ್-ಟೇಲ್ ಎಂದು ನಾಲ್ಕು ಸಾಲು ಬರೆದೆ. ಅವನು ಅದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಎರಡು ನಾಣ್ಯಾನೂ ಒಂದೇ ಥರ ಇದ್ರೆ? ಆಗ ಹೆಡ್-ಟೇಲ್ ಯಾವುದು, ಟೇಲ್-ಹೆಡ್ ಯಾವುದು ಅಂತ ಹೇಗೆ ಗೊತ್ತಾಗುತ್ತೆ ಮಿಸ್?"

ಫೆಬ್ರವರಿ ತಿಂಗಳು ಅದು. ಪರೀಕ್ಷೆ ಹತ್ತಿರ ಬಂದಿತ್ತು. ಇನ್ನೂ ತ್ರಿಕೋನಮಿತಿ ಒಂದು ಸಲ ಮೇಲಿಂದ ಕೆಳಗೆ ನೋಡಬೇಕಿತ್ತು, ಪ್ರಮೇಯ ಬರೆಸಬೇಕಿತ್ತು. "ಪುಸ್ತಕದಲ್ಲಿ ನಾಲ್ಕು ಅಂತ ಇದೆ, ನಾಲ್ಕೇ ಬರಿ" ಎಂದೆ. ಅವನು ಹೋಗಿ ಕೂತು ಬರೆದ. ಪರೀಕ್ಷೆಯಲ್ಲಿ ಒಳ್ಳೆಯ ಅಂಕವೂ ಬಂತು. ಅವರ ಅಮ್ಮ ಸಿಹಿ ತಂದುಕೊಟ್ಟು ಹೋದರು.

ಆದರೆ ಆ ಪ್ರಶ್ನೆ ನನ್ನಲ್ಲೇ ಉಳಿದುಕೊಂಡಿತು. ಏಕೆಂದರೆ ಆ ಕ್ಷಣದಲ್ಲಿ ನನ್ನ ಹತ್ತಿರ ಅದಕ್ಕೆ ಸರಿಯಾದ ಉತ್ತರ ಇರಲಿಲ್ಲ. ನಾಲ್ಕು ಎಂದು ನನಗೆ ಗೊತ್ತಿತ್ತು. ಯಾಕೆ ನಾಲ್ಕು, ಯಾಕೆ ಮೂರಲ್ಲ ಎಂದು ಒಂದು ಮಗುವಿಗೆ ಒಪ್ಪಿಗೆಯಾಗುವ ಹಾಗೆ ಹೇಳಲು ಬರುತ್ತಿರಲಿಲ್ಲ. ನೂರಾರು ಲೆಕ್ಕ ಮಾಡಿಸಿದ್ದೆ, ಒಂದರಲ್ಲೂ ಈ ಜಾಗದಲ್ಲಿ ನಿಂತಿರಲಿಲ್ಲ.

ಈ ವರ್ಷ ಅಕ್ಕನ ಮಗಳು ಪುಟ್ಟಿ ನಮ್ಮ ಮನೆಯಲ್ಲಿದ್ದು ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. ಹಾಗಾಗಿ ಆ ಪಾಠ ಮತ್ತೆ ನನ್ನ ಕೈಗೆ ಬಂತು. ಈ ಸಲ ನಿಧಾನವಾಗಿ ಮಾಡೋಣ ಎಂದುಕೊಂಡೆ.

ಸುಲಭದ ಪಾಠ

ಸಂಭವನೀಯತೆ ಎಂದರೆ ಸುಲಭದ ಪಾಠ ಎಂದು ಎಲ್ಲ ಕಡೆ ಹೆಸರಾಗಿದೆ. 80 ಅಂಕದ ಪತ್ರಿಕೆಯಲ್ಲಿ ಎರಡೋ ಮೂರೋ ಅಂಕ, ಕೈತಪ್ಪದ ಅಂಕ. ಓದಿನಲ್ಲಿ ಹಿಂದಿರುವ ಮಕ್ಕಳಿಗೆ ಶಾಲೆಗಳಲ್ಲಿ ಕೊಡುವ ಪಾಸಿಂಗ್ ಪ್ಯಾಕೇಜಿನಲ್ಲೂ ಇದು ಇದ್ದೇ ಇರುತ್ತದೆ. ಒಂದು ಸೂತ್ರ ಇದೆ, ಅದನ್ನು ಮಕ್ಕಳು ಹಾಡಿನ ಹಾಗೆ ಹೇಳುತ್ತಾರೆ: ಎನ್ ಆಫ್ ಎ ಬೈ ಎನ್ ಆಫ್ ಎಸ್. ಬೇಕಾದದ್ದು ಮೇಲೆ, ಒಟ್ಟು ಇರುವುದು ಕೆಳಗೆ. ಒಂದು ಚೀಲದಲ್ಲಿ 3 ಕೆಂಪು ಚೆಂಡು, 5 ಕಪ್ಪು ಚೆಂಡು. ಕೆಂಪು ಬರಲು 3 ಬೈ 8. ಮುಗೀತು. ಪುಟ್ಟಿ ಇಂಥ ಲೆಕ್ಕ ಅರ್ಧ ನಿಮಿಷದಲ್ಲಿ ಮಾಡಿ ಬಿಸಾಕುತ್ತಾಳೆ. ಹದಿನೈದು ಲೆಕ್ಕ ಮಾಡಿ ಹದಿನೈದೂ ಸರಿ.

ಈ ಸೂತ್ರದಲ್ಲಿರುವ ಗಣಿತ ಬರೀ ಭಾಗಾಕಾರ. ಅದನ್ನು ಅವಳು ನಾಲ್ಕನೇ ತರಗತಿಯಲ್ಲೇ ಕಲಿತಿದ್ದಾಳೆ. ಪಾಠದ ನಿಜವಾದ ಕೆಲಸ ಇರುವುದು ಭಾಗಿಸುವ ಮೊದಲು. ಏನೇನು ಆಗಬಹುದು ಎಂದು ಒಂದೂ ಬಿಡದೆ ಪಟ್ಟಿ ಮಾಡಬೇಕು. ಆ ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ಸಮಾನ ಅವಕಾಶ ಇದೆಯಾ ಎಂದು ಕೇಳಿಕೊಳ್ಳಬೇಕು. ಚೀಲದ ಚೆಂಡಿನ ಲೆಕ್ಕದಲ್ಲಿ ಈ ಎರಡು ಕೆಲಸವನ್ನೂ ಪುಸ್ತಕವೇ ಮಾಡಿಕೊಟ್ಟುಬಿಟ್ಟಿರುತ್ತದೆ. ಮಗುವಿಗೆ ಉಳಿಯುವುದು ಮೇಲೆ ಒಂದು ಸಂಖ್ಯೆ, ಕೆಳಗೆ ಒಂದು ಸಂಖ್ಯೆ. ಇಂಥದ್ದನ್ನು ನೂರು ಸಲ ಮಾಡಿಸಿ ಅಭ್ಯಾಸ ಆಯಿತು ಎಂದರೆ ಯಾವುದರ ಅಭ್ಯಾಸ ಆಯಿತು?

ಅಧಿಕ ವರ್ಷದಲ್ಲಿ 53 ಭಾನುವಾರ ಬರುವ ಲೆಕ್ಕವನ್ನೇ ನೋಡಿ. ಗೈಡುಗಳಲ್ಲಿ, ಮಾದರಿ ಪ್ರಶ್ನೆಪತ್ರಿಕೆಗಳಲ್ಲಿ ಸುತ್ತಿ ಸುತ್ತಿ ಬರುವ ಲೆಕ್ಕ ಅದು. 2 ಬೈ 7 ಎಂದು ಪುಟ್ಟಿ ಬಾಯಿಪಾಠ ಹೇಳಿದಳು. ಯಾಕೆ ಎಂದು ಕೇಳಿದರೆ, "ಅದು ಹಾಗೇ ಚಿಕ್ಕಮ್ಮ, ಲೀಪ್ ಇಯರ್‌ಗೆ 2 ಬೈ 7, ಮಾಮೂಲಿ ವರ್ಷಕ್ಕೆ 1 ಬೈ 7" ಎಂದಳು. ಗೋಡೆಯ ಕ್ಯಾಲೆಂಡರ್ ಇಳಿಸಿ ಕೆಳಗೆ ಹಾಸಿದೆ. 366 ದಿನದಲ್ಲಿ 52 ವಾರ ಪೂರ್ತಿ ಹೋದರೆ ಎರಡು ದಿನ ಉಳಿಯುತ್ತದೆ. ಆ ಎರಡು ದಿನ ಯಾವ ಜೋಡಿ ಬೇಕಾದರೂ ಆಗಬಹುದು: ಭಾನು-ಸೋಮ, ಸೋಮ-ಮಂಗಳ, ಹೀಗೆ ಏಳು ಜೋಡಿ. ಎರಡು ಜೋಡಿಯಲ್ಲಿ ಭಾನುವಾರ ಇದೆ. ಇದನ್ನು ಬರೆದ ಮೇಲೆ ಅವಳೇ ಕೇಳಿದಳು, ಮುಂದಿನ ಲೀಪ್ ಇಯರ್ ಯಾವುದು ಎಂದು. 2028. ಆ ವರ್ಷದ ಜನವರಿ 1 ಶನಿವಾರ. ಹಾಗಾದರೆ ಉಳಿಯುವ ಜೋಡಿ ಶನಿ-ಭಾನು, 53 ಭಾನುವಾರ ಇದೆ. "ಹಂಗಾದ್ರೆ 2028ಕ್ಕೆ ಸಂಭವನೀಯತೆ 2 ಬೈ 7 ಅಲ್ವೇ ಅಲ್ಲ, ಒಂದು!" ಎಂದಳು. ಎಂಥ ಒಳ್ಳೆಯ ಮಾತು! ವರ್ಷ ಯಾವುದು ಎಂದು ಗೊತ್ತಾದ ಕೂಡಲೇ ಲೆಕ್ಕವೇ ಬೇರೆಯಾಗುತ್ತದೆ. 2 ಬೈ 7 ಎನ್ನುವುದು ವರ್ಷದ ಗುಣವಲ್ಲ. ನಮಗೆ ಎಷ್ಟು ಗೊತ್ತಿದೆ ಎನ್ನುವುದಕ್ಕೆ ಸೇರಿದ ಸಂಖ್ಯೆ ಅದು.

ಇಲ್ಲಿ ಇನ್ನೂ ಒಂದು ವಿಷಯ ಇದೆ, ಅದನ್ನು ಪುಟ್ಟಿಗೆ ಪರೀಕ್ಷೆ ಮುಗಿದ ಮೇಲೆ ಹೇಳಬೇಕು ಎಂದುಕೊಂಡಿದ್ದೇನೆ. ನಮ್ಮ ಕ್ಯಾಲೆಂಡರ್ 400 ವರ್ಷಕ್ಕೊಮ್ಮೆ ವಾರದ ಸಮೇತ ಮೊದಲಿನಿಂದ ಶುರುವಾಗುತ್ತದೆ. ಆ 400 ವರ್ಷದಲ್ಲಿ ಅಧಿಕ ವರ್ಷ 97. ಏಳು ಜೋಡಿಗೂ ಸಮಾನವಾಗಿ ಹಂಚಲು 97 ಏಳರಿಂದ ಭಾಗವಾಗುವುದಿಲ್ಲ. ಅಂದರೆ ಏಳೂ ಜೋಡಿಗೆ ಸಮಾನ ಅವಕಾಶ ಎಂದು ನಾವು ಇಟ್ಟುಕೊಂಡದ್ದೇ ಒಂದು ಅಂದಾಜು. ಒಳ್ಳೆಯ ಅಂದಾಜು, ಆದರೆ ಅಂದಾಜೇ.

ಇಸ್ಪೀಟಿನ ಕಟ್ಟು

ಮುಂದೆ ಬಂದದ್ದು ಇಸ್ಪೀಟು. ಚೆನ್ನಾಗಿ ಕಲಸಿದ 52 ಎಲೆಗಳ ಕಟ್ಟಿನಿಂದ ಒಂದನ್ನು ತೆಗೆದರೆ ಅದು ಕೆಂಪು ರಾಜ ಆಗಿರುವ ಸಂಭವನೀಯತೆ, ಚಿತ್ರದ ಎಲೆ ಆಗಿರುವ ಸಂಭವನೀಯತೆ, ಹೀಗೆ. ಪುಟ್ಟಿ ಇವುಗಳನ್ನೂ ಪಟಪಟ ಮಾಡಿದಳು. ನನಗೆ ಯಾಕೋ ಅನುಮಾನ ಬಂತು. "ನೀನು ಇಸ್ಪೀಟು ಎಲೆ ನೋಡಿದ್ದೀಯಾ?" ಎಂದು ಕೇಳಿದೆ. "ಫೋನಲ್ಲಿ ಜಾಹೀರಾತು ಬರುತ್ತಲ್ಲ, ಅದರಲ್ಲಿ" ಎಂದಳು. ಕೈಯಲ್ಲಿ ಹಿಡಿದಿಲ್ಲ. ಕಳಾವರ್ ಯಾವುದು, ಆಟಿನ್ ಯಾವುದು ಗೊತ್ತಿಲ್ಲ. 52, 26, 13, 4, 12 ಎಂಬ ಐದು ಸಂಖ್ಯೆ ಗೊತ್ತು, ಅಷ್ಟೇ. ಟೀಚರ್ ಅದನ್ನು ಬೋರ್ಡಿನ ಮೇಲೆ ಬರೆದುಕೊಟ್ಟಿದ್ದರಂತೆ. ಆ ಟೀಚರ್ ಮೇಲೆ ನನಗೆ ಬೇಸರ ಇಲ್ಲ, ನಾನೂ ಅದನ್ನೇ ಬರೆದುಕೊಡುತ್ತಿದ್ದೆ. ತರಗತಿಗೆ ಇಸ್ಪೀಟು ತಂದರೆ ಏನಾಗುತ್ತದೆ ಎಂದು ನಮ್ಮೂರ ಕಡೆಯವರಿಗೆಲ್ಲ ಗೊತ್ತು.

ನಾನು ಅಂಗಡಿಗೆ ಹೋಗಿ ಒಂದು ಕಟ್ಟು ತಂದೆ. ನಡುಮನೆಯಲ್ಲಿ ಚಾಪೆಯ ಮೇಲೆ ಹರಡಿದೆವು. ನಮ್ಮಮ್ಮ ಅಡುಗೆಮನೆಯಿಂದ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. "ಇದೇನೇ ಇದು, ಮನೆಯೊಳಗೆ ಇಸ್ಪೀಟು! ಪರೀಕ್ಷೆ ಇಟ್ಕೊಂಡಿರೋ ಮಗು ಕೈಗೆ!" ಪಾಠದ ಪುಸ್ತಕ ತೋರಿಸಿದೆ. ಅವರಿಗೆ ನಂಬಿಕೆ ಬರಲಿಲ್ಲ. ಸರ್ಕಾರದ ಪುಸ್ತಕದಲ್ಲಿ ಇಸ್ಪೀಟು ಇರುವುದೇ ಅವರಿಗೆ ದೊಡ್ಡ ಆಶ್ಚರ್ಯ. ನಮ್ಮಮ್ಮನ ಮಾವನ ಕಡೆಯಲ್ಲಿ ಇಸ್ಪೀಟಿನಲ್ಲಿ ಜಮೀನು ಕಳೆದುಕೊಂಡವರು ಇದ್ದರು, ಆ ಕಥೆ ನಮಗೆಲ್ಲ ಬಾಯಿಗೆ ಬರುತ್ತದೆ. ಆದ್ದರಿಂದ ಅವರ ಸಿಟ್ಟಿಗೆ ಕಾರಣ ಇತ್ತು, ಅದನ್ನು ಹಗುರ ಮಾಡಲು ನನಗೆ ಇಷ್ಟವಿಲ್ಲ.

ಹಾಗೂ ಹೀಗೂ ಪುಟ್ಟಿ ಎಲೆಗಳನ್ನು ಬಣ್ಣವಾರು ಜೋಡಿಸಿದಳು. ರಾಜ, ರಾಣಿ, ಗುಲಾಮ ಮೂರು ಚಿತ್ರ, ನಾಲ್ಕು ಸಾಲು, ಹನ್ನೆರಡು. ಎಕ್ಕಕ್ಕೆ ಚಿತ್ರ ಇಲ್ಲ. ಇಷ್ಟು ದಿನ ಎಕ್ಕವನ್ನು ಸೇರಿಸಬೇಕೋ ಬಿಡಬೇಕೋ ಎಂದು ಅವಳಿಗೆ ಪ್ರತಿಸಲ ಗೊಂದಲ ಆಗುತ್ತಿತ್ತಂತೆ. ಕಣ್ಣಿಂದ ನೋಡಿದ ಮೇಲೆ ಆಗಲಿಲ್ಲ. ಹತ್ತು ನಿಮಿಷದ ಕೆಲಸ. ಆಮೇಲೆ ಅಮ್ಮನ ಮುಖ ನೋಡಿ ಕಟ್ಟನ್ನು ಬೀರುವಿನ ಮೇಲೆ ಇಟ್ಟೆ.

ಅಮ್ಮ ಒಳಗೆ ಹೋದವರು ಒಂದು ಹಳೆಯ ಹಾರ್ಲಿಕ್ಸ್ ಡಬ್ಬಿ ತಂದರು. "ಲೆಕ್ಕಕ್ಕೆ ಆಟ ಬೇಕು ಅಂದ್ರೆ ಚೌಕಾಬಾರ ಇಲ್ವಾ?" ಎಂದರು.

ಬಾರ ಯಾಕೆ ಬೀಳಲ್ಲ

ಮೈಸೂರು ಕಡೆಯವರಿಗೆ ಚೌಕಾಬಾರ ಹೇಳಿಕೊಡಬೇಕಾಗಿಲ್ಲ. ಬೇರೆಯವರಿಗಾಗಿ ಒಂದೆರಡು ಮಾತು. ಐದೈದು ಮನೆಯ ಚೌಕ, ಕಟ್ಟೆಮನೆಗೆ ಅಡ್ಡ ಗೀಟು, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಇನ್ನೊಬ್ಬರ ಕಾಯಿ ನಿಂತ ಮನೆಗೇ ಬಂದರೆ ಅದನ್ನು ಕಡಿಯಬಹುದು, ಕಟ್ಟೆಮನೆಯಲ್ಲಿ ಮಾತ್ರ ಕಡಿಯುವಂತಿಲ್ಲ. ಸುತ್ತು ಮುಗಿಸಿ ನಡುವಿನ ಮನೆ ಸೇರಿದ ಕಾಯಿ ಹಣ್ಣು. ದಾಳದ ಬದಲು ನಾಲ್ಕು ಕವಡೆ ಹಾಕುತ್ತಾರೆ. ಕವಡೆ ಇಲ್ಲದವರ ಮನೆಯಲ್ಲಿ ನಾಲ್ಕು ಹುಣಸೆಬೀಜ, ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿದ್ದು. ಬಿಳಿ ಮೇಲೆ ಬಿದ್ದ ಬೀಜ ಎಷ್ಟೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು ಮನೆ. ಚೌಕ, ಬಾರ ಬಿದ್ದವರಿಗೆ ಇನ್ನೊಂದು ಸಲ ಹಾಕುವ ಅವಕಾಶ.

ಅಂದರೆ ಬೀಳುವುದು ಐದೇ: ಒಂದು, ಎರಡು, ಮೂರು, ನಾಲ್ಕು, ಎಂಟು. ನಾನು ಪುಟ್ಟಿಗೆ ಕೇಳಿದೆ, ಬಾರ ಬೀಳುವ ಸಂಭವನೀಯತೆ ಎಷ್ಟು? ಅವಳು ಯೋಚಿಸಲೇ ಇಲ್ಲ. "ಐದರಲ್ಲಿ ಒಂದು."

ಅಲ್ಲಿ ನನ್ನ ಎದೆ ಒಮ್ಮೆ ಹೊಡೆದುಕೊಂಡಿತು. ಅದೇ ಹುಡುಗ, ಅದೇ ಮೂರರಲ್ಲಿ ಒಂದು. ಹತ್ತನೇ ತರಗತಿಯ ಗಣಿತ ಪುಸ್ತಕದಲ್ಲೂ ಇದೇ ಜಾಗಕ್ಕೆ ಕೈಯಿಟ್ಟಿರುವ ಒಂದು ಪ್ರಶ್ನೆ ಇದೆ. ಎರಡು ದಾಳ ಎಸೆದರೆ ಮೊತ್ತ 2ರಿಂದ 12ರವರೆಗೆ ಹನ್ನೊಂದು ಬಗೆ, ಆದ್ದರಿಂದ ಪ್ರತಿಯೊಂದಕ್ಕೂ 1 ಬೈ 11 ಎಂದು ಒಬ್ಬ ವಿದ್ಯಾರ್ಥಿ ವಾದಿಸುತ್ತಾನೆ, ನೀವು ಒಪ್ಪುತ್ತೀರಾ? ಆ ಪಾಠದ ಅತ್ಯಂತ ಒಳ್ಳೆಯ ಪ್ರಶ್ನೆ ಅದು ಎಂದು ನನಗನ್ನಿಸುತ್ತದೆ. ಅದನ್ನು ನಾವು ಹೇಗೆ ಕೊಲ್ಲುತ್ತೇವೆ ನೋಡಿ. "ಇಲ್ಲ, ಒಪ್ಪುವುದಿಲ್ಲ, ಏಕೆಂದರೆ ಒಟ್ಟು ಫಲಿತಾಂಶ 36" ಎಂದು ಬರೆಸಿ ಮುಂದಿನ ಲೆಕ್ಕಕ್ಕೆ ಹೋಗುತ್ತೇವೆ.

ಈ ಸಲ ನಾನು ಬಾಯಿ ಬಿಡಲಿಲ್ಲ. ಅಮ್ಮ ಬಿಟ್ಟರು. "ಐದು ಸಲಕ್ಕೆ ಒಂದು ಬಾರ ಬೀಳೋ ಹಾಗಿದ್ರೆ ನಾನು ಯಾವತ್ತೋ ಎಲ್ಲಾ ಕಾಯೀನೂ ಹಣ್ಣು ಮಾಡ್ಕೊಂಡು ಎದ್ದೋಗ್ತಿದ್ದೆ ಮಗಾ. ಬಾರ ಅಷ್ಟು ಸಸ್ತಾ ಅಲ್ಲ. ಎರಡು ಬೇಕಾದ್ರೆ ಬೀಳುತ್ತೆ, ಬೇಡ ಅಂದ್ರೂ ಬೀಳುತ್ತೆ." ಆಮೇಲೆ ಕಾಯಿ ತೋರಿಸುತ್ತಾ ಹೇಳಿದರು: "ಅದಕ್ಕೇ ಇನ್ನೊಬ್ಬರ ಕಾಯಿಗಿಂತ ಎರಡು ಮನೆ ಮುಂದೆ ನಿಲ್ಲಬಾರದು. ಕಡೀತಾರೆ. ನಾಲ್ಕು ಮನೆ ಮುಂದೆ ನಿಂತ್ಕೋ, ಭಯ ಇಲ್ಲ."

ನಾನು ನನ್ನ ಅಮ್ಮನ ಜೊತೆ ಚಿಕ್ಕಂದಿನಿಂದ ಚೌಕಾಬಾರ ಆಡಿದ್ದೇನೆ. ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಅದು ಸಂಭವನೀಯತೆ ಎಂದು ಆ ದಿನದವರೆಗೂ ಹೊಳೆದಿರಲಿಲ್ಲ.

ಪುಟ್ಟಿಗೆ ಈಗ ಕುತೂಹಲ ಹುಟ್ಟಿತು. ಅಜ್ಜಿ ಹೇಳುವುದು ಸರಿ ಇದ್ದರೆ ತನ್ನ ಐದರಲ್ಲಿ ಒಂದು ಎಲ್ಲಿ ತಪ್ಪಿತು? ನಾಲ್ಕು ಬೀಜಕ್ಕೂ ಅರಿಶಿನ, ಕುಂಕುಮ, ಪೆನ್ನಿನ ಶಾಯಿ ಹೀಗೆ ಒಂದೊಂದು ಗುರುತು ಹಾಕಿದೆವು, ಒಂದನ್ನು ಹಾಗೇ ಬಿಟ್ಟೆವು. ಒಂದೊಂದು ಬೀಜಕ್ಕೂ ಬಿಳಿ ಅಥವಾ ಕಪ್ಪು. ಅವಳು ಕೂತು ಬರೆದಳು. ಬಿಳಿ ಬಿಳಿ ಬಿಳಿ ಬಿಳಿ, ಬಿಳಿ ಬಿಳಿ ಬಿಳಿ ಕಪ್ಪು, ಹೀಗೆ ಒಂದೊಂದೇ ಸಾಲು. ಮಧ್ಯದಲ್ಲಿ ಒಂದು ಸಾಲು ಎರಡು ಸಲ ಬರೆದಳು, ಹೊಡೆದು ಹಾಕಿದಳು. ಕೊನೆಗೆ ಹದಿನಾರು ಸಾಲು. ನಾಲ್ಕೂ ಬಿಳಿ ಇರುವುದು ಒಂದೇ ಸಾಲು. ನಾಲ್ಕೂ ಕಪ್ಪು ಒಂದೇ ಸಾಲು. ಒಂದು ಬಿಳಿ ಇರುವುದು ನಾಲ್ಕು, ಮೂರು ಬಿಳಿ ನಾಲ್ಕು, ಎರಡು ಬಿಳಿ ಆರು. ಬಾರ ಹದಿನಾರರಲ್ಲಿ ಒಂದು. ಎರಡು ಬೀಳುವುದು ಹದಿನಾರರಲ್ಲಿ ಆರು.

"ಅಜ್ಜಿ, ನಿನಗೆ ಇದು ಹೇಗೆ ಗೊತ್ತಿತ್ತು?" ಎಂದು ಕೇಳಿದಳು. "ಎಷ್ಟು ವರ್ಷದಿಂದ ಹಾಕ್ತಿದ್ದೀನಿ" ಎಂದರು ಅಮ್ಮ.

ಕಥೆ ಇಲ್ಲಿಗೇ ನಿಲ್ಲಲಿಲ್ಲ. ಪುಟ್ಟಿಗೆ ಹಾಕಿ ನೋಡಬೇಕು ಎನ್ನಿಸಿತು. ಆ ಭಾನುವಾರ ಮಧ್ಯಾಹ್ನ ಮೂವರೂ ಕೂತು 160 ಸಲ ಬೀಜ ಹಾಕಿದೆವು. ಅಮ್ಮ ಹಾಕುವುದು, ಪುಟ್ಟಿ ಗೀಟು ಎಳೆಯುವುದು, ನಾನು ಉರುಳಿ ಹೋದದ್ದನ್ನು ಹೆಕ್ಕಿ ಕೊಡುವುದು. ಅವಳ ಲೆಕ್ಕದ ಪ್ರಕಾರ ಒಂದು 40 ಸಲ, ಎರಡು 60, ಮೂರು 40, ಚೌಕ 10, ಬಾರ 10 ಬೀಳಬೇಕಿತ್ತು. ಬಿದ್ದದ್ದು ಹೀಗೆ: ಒಂದು 31, ಎರಡು 58, ಮೂರು 49, ಚೌಕ 15, ಬಾರ 7. ಎರಡರ ಲೆಕ್ಕ ಹೆಚ್ಚುಕಡಿಮೆ ಕೂತಿತು. ಆದರೆ ಉಳಿದದ್ದೆಲ್ಲ ಒಂದೇ ಕಡೆಗೆ ವಾಲಿತ್ತು. ಪುಟ್ಟಿ ಪೆಚ್ಚಾದಳು. "ನನ್ನ ಹದಿನಾರು ಸಾಲು ತಪ್ಪಾ?"

ತಪ್ಪಲ್ಲ. ಬಿಳಿಗೂ ಕಪ್ಪಿಗೂ ಸಮಾನ ಅವಕಾಶ ಎಂದು ನಾವು ಇಟ್ಟುಕೊಂಡದ್ದನ್ನು ಪರೀಕ್ಷಿಸಬೇಕಿತ್ತು. ಒಟ್ಟು 640 ಬೀಜ ಬಿದ್ದಿತ್ತು. ಕೂಡಿ ನೋಡಿದರೆ ಅದರಲ್ಲಿ ಬಿಳಿ 354. ಅರ್ಧ ಅಂದರೆ 320. ಉಜ್ಜಿದ ಬೀಜ ನಾಣ್ಯ ಅಲ್ಲವಲ್ಲ, ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಮಗ್ಗುಲು ಸ್ವಲ್ಪ ಉಬ್ಬು. ನಮ್ಮ ಮನೆಯ ಈ ನಾಲ್ಕು ಬೀಜ ಬಿಳಿ ಕಡೆಗೆ ಬೀಳಲು ಇಷ್ಟಪಡುತ್ತವೆ. ಅದಕ್ಕೇ ಚೌಕ ಜಾಸ್ತಿ, ಬಾರ ಕಡಿಮೆ. "ಬಾರ ಅಷ್ಟು ಸಸ್ತಾ ಅಲ್ಲ" ಎಂದು ಅಮ್ಮ ಚೌಕದ ಬಗ್ಗೆ ಹೇಳದೆ ಬಾರದ ಬಗ್ಗೆಯೇ ಹೇಳಿದ್ದು ಆಗ ನೆನಪಾಯಿತು.

ನಾನು ಟ್ಯೂಷನ್ ಹೇಳುತ್ತಿದ್ದಾಗಿನ ಪುಸ್ತಕದಲ್ಲಿ ಈ ಪಾಠದ ಶುರುವಿನಲ್ಲಿ ಹೀಗೆ ಹಾಕಿ ನೋಡಿದ ಮೂವರು ವಿದ್ವಾಂಸರ ಹೆಸರಿತ್ತು. ಬಫನ್ 4040 ಸಲ ನಾಣ್ಯ ಚಿಮ್ಮಿದ, 2048 ಹೆಡ್. ಕೆರಿಕ್ 10,000 ಸಲ ಚಿಮ್ಮಿದ, 5067 ಹೆಡ್. ಕಾರ್ಲ್ ಪಿಯರ್ಸನ್ 24,000 ಸಲ, 12,012 ಹೆಡ್. ಪರೀಕ್ಷೆಗೆ ಬರುವುದಿಲ್ಲ ಎಂದು ನಾನು ಆ ಪುಟ ಓದಿಸುತ್ತಲೇ ಇರಲಿಲ್ಲ. ಕೆರಿಕ್ ಅದನ್ನು ಮಾಡಿದ್ದು ಎರಡನೇ ಮಹಾಯುದ್ಧದಲ್ಲಿ ಡೆನ್ಮಾರ್ಕಿನಲ್ಲಿ ಬಂಧನದಲ್ಲಿದ್ದಾಗ ಎಂದು ಆಮೇಲೆ ಎಲ್ಲೋ ಓದಿದೆ. ಬಂಧನದಲ್ಲಿದ್ದ ಒಬ್ಬ ಮನುಷ್ಯ ಹತ್ತು ಸಾವಿರ ಸಲ ಒಂದು ನಾಣ್ಯ ಚಿಮ್ಮಿ ಒಂದೊಂದನ್ನೂ ಬರೆದಿಟ್ಟ. 160 ಸಲಕ್ಕೇ ನಮಗೆ ಬೆನ್ನು ನೋವು ಬಂದಿತ್ತು.

ಒಂದಾದರೂ

ಮಕ್ಕಳು ಎಡವುವ ಇನ್ನೊಂದು ಜಾಗ "ಕನಿಷ್ಠ ಒಂದು". ಎರಡು ನಾಣ್ಯ ಚಿಮ್ಮಿದಾಗ ಕನಿಷ್ಠ ಒಂದು ಹೆಡ್ ಬೀಳುವ ಸಂಭವನೀಯತೆ. ಪುಟ್ಟಿ ಇದನ್ನು ಪ್ರತಿಸಲ "ಒಂದೇ ಒಂದು ಹೆಡ್" ಎಂದು ಓದುತ್ತಾಳೆ, 2 ಬೈ 4 ಎಂದು ಬರೆಯುತ್ತಾಳೆ. ನನ್ನ ಹಳೆಯ ಮಕ್ಕಳೂ ಹಾಗೇ. ಕನಿಷ್ಠ ಎಂದರೆ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಎಂದು ಅರ್ಥ ಹೇಳಿದರೆ ತಲೆಯಾಡಿಸುತ್ತಾರೆ, ಮುಂದಿನ ಲೆಕ್ಕದಲ್ಲಿ ಮತ್ತೆ ತಪ್ಪು ಮಾಡುತ್ತಾರೆ. ಇದು ಗಣಿತದ ತೊಂದರೆ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ.

ಚೌಕಾಬಾರ ಆಡುವಾಗ ಅಮ್ಮ ಬೀಜ ಕೈಯಲ್ಲಿ ಕುಲುಕುತ್ತಾ, "ಒಂದು ಬಿಳಿಯಾದ್ರೂ ಬೀಳಪ್ಪ" ಎಂದರು. ಅವರಿಗೆ ಅವತ್ತು ಬಾರ ಬೇಡವಾಗಿತ್ತು, ಎಂಟು ಮನೆ ನಡೆದರೆ ಕಾಯಿ ಕಟ್ಟೆ ದಾಟಿ ಪುಟ್ಟಿಯ ಬಾಯಿಗೆ ಹೋಗುತ್ತಿತ್ತು. ಒಂದಾದರೂ! ನಮಗೆ ಈ ಮಾತು ಇದೆಯಲ್ಲ. ಒಂದಾದರೂ ಎಂದರೆ ಒಂದು ಆಗಬಹುದು, ಎರಡು ಆಗಬಹುದು, ನಾಲ್ಕೂ ಆಗಬಹುದು, ಮೂರು ವರ್ಷದ ಮಗುವಿಗೂ ಗೊತ್ತು. "ಒಂದು ಲಾಡಾದ್ರೂ ಕೊಡು" ಎಂದ ಮಗು ಎರಡು ಕೊಟ್ಟರೆ ಬೇಡ ಅನ್ನುವುದಿಲ್ಲ. ಪುಟ್ಟಿಗೆ ಹೇಳಿದೆ, ಕನಿಷ್ಠ ಎಂದು ಕಂಡ ಕಡೆಯಲ್ಲೆಲ್ಲ ಮನಸ್ಸಿನಲ್ಲಿ ಆದರೂ ಎಂದು ಓದಿಕೋ. ಒಂದು ಹೆಡ್ ಆದರೂ ಬೀಳಬೇಕು. ಅವಳು ಮತ್ತೆ ಆ ತಪ್ಪು ಮಾಡಲಿಲ್ಲ.

ಇನ್ನೂ ಚೆಂದದ ವಿಷಯ ಆಮೇಲೆ ಹೊಳೆಯಿತು. ಒಂದಾದರೂ ಎಂಬುದಕ್ಕೆ ಎದುರು ಮಾತೇನು? ಒಂದೂ ಇಲ್ಲ. "ಒಂದಾದರೂ ಬಿತ್ತಾ?" "ಒಂದೂ ಬೀಳಲಿಲ್ಲ." ಪುಸ್ತಕದಲ್ಲಿ ಪೂರಕ ಘಟನೆ ಎಂದು ಒಂದು ಪುಟ ವಿವರಿಸುವ ಮಾತು ನಮ್ಮ ನಾಲಿಗೆಯ ಮೇಲೆ ಎರಡು ಪದದಲ್ಲಿ ಕೂತಿದೆ. ಒಂದು ಬಿಳಿಯಾದರೂ ಬೀಳುವ ಸಂಭವನೀಯತೆ ಬೇಕಾ? ಒಂದೂ ಬೀಳದಿರುವುದು ಹದಿನಾರರಲ್ಲಿ ಒಂದು, ಅದನ್ನು ಒಂದರಿಂದ ಕಳೆ, ಹದಿನಾರರಲ್ಲಿ ಹದಿನೈದು. ಪಟ್ಟಿಯನ್ನೂ ಎಣಿಸಬೇಕಾಗಿಲ್ಲ. ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ ಎಂಬ ಜಗಳ ಇಲ್ಲಿ ಎತ್ತುವುದಿಲ್ಲ. ಕನ್ನಡ ಮಾಧ್ಯಮದ ಪುಸ್ತಕದಲ್ಲೂ ಇರುವುದು ಕನಿಷ್ಠವೇ. ಮನೆಯಲ್ಲಿ ಆಡುವ ಮಾತು ಮಾತ್ರ ಎರಡು ಪುಸ್ತಕಕ್ಕೂ ಸೇರದೆ ಹೊರಗೇ ಉಳಿದಿದೆ, ಅದು ನನಗೆ ನೋವಿನ ವಿಷಯ.

ಆ ಹುಡುಗನಿಗೆ

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಎರಡು ನಾಣ್ಯವೂ ಒಂದೇ ಥರ ಇದ್ದರೆ?

ಅವನು ಕೇಳಿದ್ದು ಎಷ್ಟು ದೊಡ್ಡ ಪ್ರಶ್ನೆ ಎಂದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಫ್ರಾನ್ಸಿನ ದಾಲಂಬೇರ್ ದೊಡ್ಡ ಗಣಿತಜ್ಞ, ದಿದರೋ ಜೊತೆ ಸೇರಿ ಅಲ್ಲಿನ ಹೆಸರಾಂತ ವಿಶ್ವಕೋಶ ಸಂಪಾದಿಸಿದವನು. ಅದೇ ವಿಶ್ವಕೋಶದಲ್ಲಿ 1754ರಲ್ಲಿ ಅವನು ನಾಣ್ಯದ ಬಗ್ಗೆ ಬರೆದ. ಎರಡು ಸಲ ಚಿಮ್ಮಿದರೆ ಒಂದಾದರೂ ಹೆಡ್ ಬೀಳುವ ಅವಕಾಶ ಎಷ್ಟು? ಮೊದಲ ಸಲವೇ ಹೆಡ್ ಬಿದ್ದರೆ ಆಟ ಮುಗಿಯಿತು, ಮತ್ತೆ ಚಿಮ್ಮುವುದೇ ಬೇಡ. ಹಾಗಾಗಿ ಆಗುವುದು ಮೂರೇ: ಹೆಡ್, ಟೇಲ್ ಆಮೇಲೆ ಹೆಡ್, ಟೇಲ್ ಆಮೇಲೆ ಟೇಲ್. ಮೂರರಲ್ಲಿ ಎರಡು ಎಂದು ಅವನು ವಾದಿಸಿದ. ನಾಲ್ಕರಲ್ಲಿ ಮೂರು ಎಂಬುದು ಸರಿಯಾದ ಉತ್ತರ. ಅವನ ಪಟ್ಟಿ ಪೂರ್ತಿ ಇದೆ. ಆದರೆ ಪಟ್ಟಿಯ ಮೂರಕ್ಕೂ ಸಮಾನ ಅವಕಾಶ ಇಲ್ಲ, ಮೊದಲನೆಯದಕ್ಕೆ ಉಳಿದ ಒಂದೊಂದರ ಎರಡರಷ್ಟಿದೆ. ನನ್ನ ಟ್ಯೂಷನ್ನಿನ ಹುಡುಗ ತಪ್ಪಿದ್ದು ಸರಿಯಾಗಿ ಇದೇ ಜಾಗದಲ್ಲಿ. ನಾನು ಅವನಿಗೆ ಕೆಂಪು ಗೆರೆ ಹಾಕಿದೆ.

ಇದಕ್ಕಿಂತ ನೂರು ವರ್ಷಕ್ಕೂ ಹಿಂದೆಯೇ ಗೆಲಿಲಿಯೋ ಈ ಗಂಟನ್ನು ಬಿಡಿಸಿದ್ದ. ಮೂರು ದಾಳ ಹಾಕಿದರೆ ಮೊತ್ತ 9 ಬರಲು ಆರು ಬಗೆ, 10 ಬರಲು ಕೂಡ ಆರೇ ಬಗೆ. ಆದರೂ 10 ಸ್ವಲ್ಪ ಜಾಸ್ತಿ ಬೀಳುತ್ತದೆ ಎಂದು ಜೂಜಾಡುವವರು ಕಂಡುಕೊಂಡಿದ್ದರು. ಯಾಕೆ? ದಾಳಗಳನ್ನು ಬೇರೆ ಬೇರೆಯಾಗಿ ಎಣಿಸಬೇಕು ಎಂದ ಅವನು. 3-3-3 ಬೀಳಲು ಒಂದೇ ದಾರಿ. 1-2-6 ಬೀಳಲು ಆರು ದಾರಿ, ಯಾವ ದಾಳದಲ್ಲಿ ಯಾವುದು ಎಂದು. ಹಾಗೆ ಎಣಿಸಿದರೆ 216ರಲ್ಲಿ 9 ಬೀಳುವುದು 25, 10 ಬೀಳುವುದು 27. ಎರಡೇ ಎರಡರ ವ್ಯತ್ಯಾಸ! ಅದನ್ನು ಕಣ್ಣಿನಲ್ಲಿ ಹಿಡಿಯಬೇಕಾದರೆ ಆ ಜನ ಎಷ್ಟು ಸಾವಿರ ಸಲ ದಾಳ ಹಾಕಿರಬೇಕು, ನಮ್ಮಮ್ಮನ ಹಾಗೆ.

ಆ ಹುಡುಗ ಈಗ ನನ್ನ ಮುಂದೆ ಕೂತಿದ್ದರೆ ಒಂದು ರೂಪಾಯಿಯ ಎರಡು ನಾಣ್ಯ ತರಿಸುತ್ತಿದ್ದೆ. ಒಂದಕ್ಕೆ ಕುಂಕುಮದ ಚುಕ್ಕೆ ಇಡು. ಈಗ ಹೆಡ್-ಟೇಲ್ ಬೇರೆ, ಟೇಲ್-ಹೆಡ್ ಬೇರೆ, ನಾಲ್ಕು ಬಗೆ, ಒಪ್ಪಿದೆಯಾ? ಈಗ ಚುಕ್ಕೆ ಒರೆಸಿಬಿಡು. ಮತ್ತೆ ಚಿಮ್ಮು. ಒರೆಸಿದ ಮಾತ್ರಕ್ಕೆ ನಾಣ್ಯ ಬೇರೆ ಥರ ಬೀಳಲು ಶುರುಮಾಡುತ್ತಾ? ಚುಕ್ಕೆ ಇದ್ದದ್ದು ನಮ್ಮ ಕಣ್ಣಿಗೆ, ನಾಣ್ಯಕ್ಕೆ ಅದರಿಂದ ಆಗಬೇಕಾದ್ದೇನೂ ಇಲ್ಲ. ನಂಬಿಕೆ ಬರದಿದ್ದರೆ ನೂರು ಸಲ ಚಿಮ್ಮಿ ಬರಿ, ಒಂದೊಂದು ಬೀಳುವುದು ಮೂವತ್ತಮೂರರ ಹತ್ತಿರ ಇರುತ್ತಾ ಐವತ್ತರ ಹತ್ತಿರ ಇರುತ್ತಾ ನೋಡು. ಇಷ್ಟಕ್ಕೆ ಒಂದು ಸಂಜೆ ಬೇಕಿತ್ತು. ಒಂದು ಸಂಜೆ ನನ್ನ ಹತ್ತಿರ ಇತ್ತು, ಕೊಡಲಿಲ್ಲ. ಅವನು ಈಗ ಎಲ್ಲಿದ್ದಾನೋ, ಎಂಜಿನಿಯರಿಂಗ್ ಮುಗಿಸಿರಬಹುದು. ಅವನಿಗೆ ಆ ಉತ್ತರ ಬೇರೆ ಯಾರಾದರೂ ಹೇಳಿರಲಿ ಎಂದು ಮನಸಾರೆ ಬಯಸುತ್ತೇನೆ.

ಪುಟ್ಟಿ ಈಗ ಲೆಕ್ಕ ಮಾಡುವುದು ಮೊದಲಿಗಿಂತ ನಿಧಾನ. ಹದಿನೈದು ಮಾಡುತ್ತಿದ್ದ ಹೊತ್ತಿನಲ್ಲಿ ನಾಲ್ಕೋ ಐದೋ ಮಾಡುತ್ತಾಳೆ. ಅಕ್ಕ ಫೋನಿನಲ್ಲಿ, "ಬೋರ್ಡ್ ಎಕ್ಸಾಮ್ ಇದೆ, ಇನ್ನೂ ಒಂದೇ ಪಾಠದಲ್ಲಿ ಕೂತಿದ್ದೀರಾ?" ಎಂದು ಕೇಳುತ್ತಾಳೆ. ಅವಳ ಆತಂಕ ಸುಳ್ಳಲ್ಲ, ಪರೀಕ್ಷೆಯಲ್ಲಿ ಹದಿನಾರು ಸಾಲು ಬರೆಯುವಷ್ಟು ಹೊತ್ತು ಯಾರೂ ಕೊಡುವುದಿಲ್ಲ. ಆದರೂ ನಾನು ಅವಸರ ಮಾಡಿಸುತ್ತಿಲ್ಲ. ಪಟ್ಟಿ ಬರೆದು ಬರೆದು ಈಗ ಕೆಲವನ್ನು ಅವಳು ಬರೆಯದೆಯೇ ನೋಡುತ್ತಾಳೆ, ಎರಡು ದಾಳದ ಮೂವತ್ತಾರು ಮನೆಗಳನ್ನು ಬಾಯಲ್ಲೇ ಹೇಳುತ್ತಾ ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆಯುತ್ತಾಳೆ.

ಬೀಜ ಹಾಕುವುದೂ ನಿಂತಿಲ್ಲ. ಸಂಜೆ ಕಾಫಿ ಆದ ಮೇಲೆ ಅಮ್ಮ ಒಂದಿಪ್ಪತ್ತು ಸಲ ಹಾಕುತ್ತಾರೆ, ಪುಟ್ಟಿ ಗೀಟು ಎಳೆಯುತ್ತಾಳೆ. ಲೆಕ್ಕ 700 ದಾಟಿತ್ತು. ಬಾರ ಇನ್ನೂ ಹಿಂದೆಯೇ ಇತ್ತು. ಮೊನ್ನೆ ಅರಿಶಿನದ ಗುರುತಿನ ಬೀಜ ಉರುಳಿ ಎಲ್ಲೋ ಹೋಯಿತು, ಬೀರುವಿನ ಕೆಳಗೆ ಟಾರ್ಚ್ ಹಾಕಿ ಹುಡುಕಿದರೂ ಸಿಗಲಿಲ್ಲ. ಅಮ್ಮ ಹುಣಸೆಹಣ್ಣಿನ ಡಬ್ಬಿಯಿಂದ ಇನ್ನೊಂದು ಬೀಜ ತೆಗೆದು ಹಿತ್ತಲ ಕಲ್ಲಿನ ಮೇಲೆ ಉಜ್ಜಿ ತಂದರು. "ತಗೋ, ಮುಂದುವರಿಸು" ಎಂದರು. ಪುಟ್ಟಿ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಇದು ಸ್ವಲ್ಪ ದಪ್ಪ ಇತ್ತು. ಗೀಟು ಎಳೆದಿದ್ದ ಪುಟವನ್ನು ಮಗುಚಿದಳು, ಹೊಸ ಪುಟದ ಮೇಲೆ ಒಂದು, ಎರಡು, ಮೂರು, ಚೌಕ, ಬಾರ ಎಂದು ಐದು ಕಂಬ ಬರೆದಳು. "ಮೊದಲಿಂದ ಅಜ್ಜಿ" ಎಂದಳು.